ನಿನ್ನ ಪಾಲಿನ ಅನ್ನ

...ಅದೇ, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ ಅಂತ ಮೊನ್ನೆ ನಿನಗೆ ಬರೆದಿದ್ದೆನಲ್ಲ, ದೊಡ್ಡ ಕಾಯಿಲೆಯೇ ಇರಬೇಕೆಂದು ಮಗಳು ಹೆದರಿಬಿಟ್ಟಿದ್ದಳು. ಇವತ್ತು ರಿಪೋರ್ಟು ಬಂತು. ರಕ್ತ, ಸ್ಕ್ಯಾನು ಎಲ್ಲ ನಾರ್ಮಲ್ಲು ಕಣೇ! ಡಾಕ್ಟರು ‘ಅನ್‌ಇಂಟೆನ್ಷನಲ್ ವೇಟ್ ಲಾಸ್’ ಅಂದರು. ಬಯಸದೆ ತೂಕ ಇಳಿಯೋದಂತೆ. ನನಗೆ ತಾಕಿದ್ದು ಕೊನೆಯ ಪದವೊಂದೇ, ನಷ್ಟ.

ಮನೆಗೆ ಬಂದವಳೇ ಮಗಳು ಬೆಳಗಿನ ಅನ್ನದ ಪಾತ್ರೆಯ ಮುಚ್ಚಳ ತೆಗೆದಳು.

“ಮಾಡೋದೇ ಒಬ್ಬರಿಗಾಗೋಷ್ಟು. ಅದರಲ್ಲಿ ಅರ್ಧ ಯಾರಿಗಪ್ಪಾ ಉಳಿಸಿದ್ದೀಯ?”

“ನಿಮ್ಮಮ್ಮಂಗೆ” ಅಂದುಬಿಟ್ಟೆ.

ನೀನು ಹೋದಮೇಲೆ ಅಕ್ಕಿಯ ಅಳತೆ ಅರ್ಧ ಮಾಡಿದೆ. ನಿನ್ನ ಪಾಲು ಬಿಟ್ಟು ಏಳುವ ರೂಢಿ ಮಾತ್ರ ಹೋಗಿರಲಿಲ್ಲ.

“ಸರಿಹೋಯ್ತು! ಇನ್ಮೇಲೆ ಅಮ್ಮನ ಪಾಲೂ ನೀನೇ ಉಣ್ಣು” ಎಂದು ಕಣ್ಣೊರೆಸಿಕೊಂಡು, ನಗುತ್ತಲೇ ಬಡಿಸಿದಳು.

ಅನ್ನ ಆರಿ ಗಟ್ಟಿಯಾಗಿತ್ತು. ಅಷ್ಟು ವರ್ಷ ನಮಗೆಲ್ಲ ಬಡಿಸಿ ಕೊನೆಗೆ ನೀನುಂಡದ್ದು ಇಂಥದ್ದನ್ನೇ, ಅಲ್ಲವೇನೇ? ಆದರೂ ಹೊಟ್ಟೆ ತುಂಬಾ ಉಂಡೆ. ಬೆಳಕು ಇಳಿಯುತ್ತಿದೆ, ಅಕ್ಷರ ಕಾಣುತ್ತಿಲ್ಲ. ಏಳುತ್ತೇನೆ.