ನಾನು ಹುಟ್ಟಿಸಿದ ಅರವತ್ತೆರಡು ಮಂದಿ

ಫೆಬ್ರುವರಿ 3, ಸೋಮವಾರ. ಬಸ್ಸಿನಲ್ಲಿ, ಬೆಳಿಗ್ಗೆ 7.40

ಕಿಟಕಿ ಸೀಟು ಸಿಕ್ಕಿದೆ. ಕಂಡಕ್ಟರ್ ಇವತ್ತೂ ಆಧಾರ್ ಕಾರ್ಡಿನ ಫೋಟೋ ನೋಡಿದ, ನನ್ನ ಮುಖ ನೋಡಿದ, ಮತ್ತೆ ಫೋಟೋ ನೋಡಿದ. ನಾನೇ ಅದೀನಪ್ಪಾ ಅಂದೆ. ಜೀರೋ ಟಿಕೆಟ್ ಹರಿದು ಕೊಟ್ಟ.

ಸಿರಿಗೇರಿಯಿಂದ ಬಳ್ಳಾರಿಗೆ ಒಂದೂವರೆ ತಾಸು. ಎರಡು ವರ್ಷದ ಎಂಬಿಎಯಲ್ಲಿ ಓದಿದ್ದಕ್ಕಿಂತ ಈ ಸೀಟಿನಲ್ಲಿ ಕನಸು ಕಂಡಿದ್ದೇ ಹೆಚ್ಚು. ಇವತ್ತಿನದು — ಗಾಜಿನ ಬಾಗಿಲು. ಬಾಗಿಲ ಮೇಲೆ ‘ಸುಮಂಗಲಾ ಉಚ್ಚೆಂಗೆಪ್ಪ, ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್’. ಒಳಗೆ ತಿರುಗುವ ಕುರ್ಚಿ. ಎಸಿ ಜಾಸ್ತಿಯಾಗಿ ಶಾಲು ಹೊದ್ದು ಕುಳಿತಿದ್ದೇನೆ. ಬಳ್ಳಾರಿ ಸೀಮೆಯಲ್ಲಿ ಶಾಲು! ಅಷ್ಟರಲ್ಲಿ ಹಂಪ್ ಬಂತು. ಹಣೆ ಕಂಬಿಗೆ ಬಡಿಯಿತು.

ಪ್ರಾಜೆಕ್ಟ್ ಸಿಕ್ಕಿರುವುದು ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ. ಅವರು ಪ್ಯಾಕೆಟ್ ಅಕ್ಕಿ ಶುರು ಮಾಡುತ್ತಾರಂತೆ. ನೂರು ಮನೆ, ಮನೆಗೊಂದು ಫಾರಂ, ಫಾರಂಗೆ ಹದಿನಾಲ್ಕು ಪ್ರಶ್ನೆ. ಚೆನ್ನಾಗಿ ಮಾಡಿದ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಅಂತ ಮ್ಯಾನೇಜರ್ ಪ್ರಭುಲಿಂಗ ಸರ್ ನಮ್ಮ ಕ್ಲಾಸಿನಿಂದ ಹೋದ ಎಂಟೂ ಜನರ ಎದುರಿಗೆ ಹೇಳಿದರು. ಆ ಒಬ್ಬರು ನಾನೇ. ತೀರ್ಮಾನ ಆಗಿಹೋಗಿದೆ, ಅವರಿಗೆ ಗೊತ್ತಿಲ್ಲ ಅಷ್ಟೇ.

ಆಗದಿದ್ದರೆ? ಡಿಗ್ರಿ ಮುಗಿಸಿದ ವರ್ಷದ ಹಾಗೆ ಅವ್ವನ ಜೊತೆ ಮೆಣಸಿನಕಾಯಿ ಬಿಡಿಸಲು ಹೋಗಬೇಕು. ಆವತ್ತು ಹೊಲದಲ್ಲಿ ಒಬ್ಬರು ಕೇಳಿದ್ದರು — ‘ಇಷ್ಟು ಓದಿದ್ದು ಇದಕ್ಕೇನವ್ವ?’ ಅವ್ವ ಕೇಳಿಸದವಳಂತೆ ಬಗ್ಗಿಯೇ ಇದ್ದಳು. ಮತ್ತೊಮ್ಮೆ ಅವಳಿಗೆ ಆ ಮಾತು ಕೇಳಿಸಬಾರದು.

ಫೆಬ್ರುವರಿ 6, ಗುರುವಾರ

ಸಿರುಗುಪ್ಪದಲ್ಲಿ ಇಪ್ಪತ್ತೆರಡು ಆಯಿತು. ಸರ್ವೆ ಅಂದರೆ ಸಾಕು, ಬಿಪಿಎಲ್ ಕಾರ್ಡು ಕಿತ್ತುಕೊಳ್ಳಲು ಬಂದವಳು ಅಂದುಕೊಳ್ಳುತ್ತಾರೆ. ಒಬ್ಬ ತಾತ ‘ನಮ್ಮನ್ಯಾಗ ಏನೂ ಇಲ್ಲವ್ವ, ಫ್ಯಾನೂ ಇಲ್ಲ’ ಅಂದ. ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಇಬ್ಬರೂ ಮೇಲೆ ನೋಡಿ ನಕ್ಕೆವು. ಆಮೇಲೆ ಹದಿನಾಲ್ಕೂ ಉತ್ತರ ಕೊಟ್ಟ, ಒಂದು ಲೋಟ ಮಜ್ಜಿಗೆಯನ್ನೂ ಕೊಟ್ಟ.

ಈ ಕೆಲಸ ನನಗೆ ಇಷ್ಟ. ಬೇರೆಯವರ ಅಡುಗೆಮನೆಯ ಡಬ್ಬಿಗಳಲ್ಲಿ ಏನಿದೆ ಅಂತ ಕೇಳುವುದಕ್ಕೆ ಸಂಬಳ ಕೊಡುತ್ತಾರೆ ಅಂದರೆ... ಆಹಾ.

ಫೆಬ್ರುವರಿ 11, ಮಂಗಳವಾರ. ಕುರುಗೋಡು

ಮೂವತ್ತೆಂಟಕ್ಕೆ ನಿಂತಿದೆ.

ಮೂವತ್ತೊಂಬತ್ತನೆಯದು ದೊಡ್ಡ ಮನೆ, ಎತ್ತರದ ಕಟ್ಟೆ. ಒಬ್ಬ ಹೆಂಗಸು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ನನಗೆ ಖುಷಿ — ಅಕ್ಕಿ ಸರ್ವೆಗೆ ಬಂದವಳಿಗೆ ಅಕ್ಕಿಯೇ ಎದುರಿಗೆ!

‘ಬಾರವ್ವ, ಬಿಸಿಲಾಗ ಯಾಕ ನಿಂತಿ, ಬಾ.’

ಮೆಟ್ಟಿಲಿಗೆ ಕಾಲಿಟ್ಟೆ.

‘ಯಾವೂರು?’

‘ಸಿರಿಗೇರಿ ರೀ.’

‘ಯಾರ ಪೈಕಿ ಆಗಬೇಕು?’

ಬೌದ್ಧರು ಅನ್ನಬಹುದಿತ್ತು. ಅಪ್ಪ ಹಾಗೇ ಹೇಳು ಅನ್ನುತ್ತಾನೆ. ಹೇಳಿ ನೋಡಿದ್ದೇನೆ. ‘ಅದಕ್ಕೂ ಮೊದಲು?’ ಅನ್ನುವ ಮರುಪ್ರಶ್ನೆ ಬಂದೇ ಬರುತ್ತದೆ. ಎರಡು ಸಲ ಹೇಳುವ ಬದಲು ಒಂದೇ ಸಲಕ್ಕೆ ಜಾತಿಯ ಹೆಸರು ಹೇಳಿದೆ.

‘ಹೌದಾ... ಅಲ್ಲಿ ಬೇವಿನ ಗಿಡದ ಬುಡಕ ಕುಂದ್ರವ್ವ. ನೆಳ್ಳೈತಿ. ಅಲ್ಲಿಂದನ ಕೇಳು, ಹೇಳ್ತೀನಿ.’

ದನಿ ಮೊದಲಿನಷ್ಟೇ ಮೆತ್ತಗಿತ್ತು. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ಗಿಡ ರಸ್ತೆಯ ಆಚೆಗಿತ್ತು. ಟೈಮಾತು ಅಮ್ಮಾ ಅಂತ ಬಂದುಬಿಟ್ಟೆ.

ಸಿಟ್ಟು ಬಂದಿದೆ. ಆಯಮ್ಮನ ಮೇಲೆ ಎಷ್ಟೋ, ನನ್ನ ಕಾಲಿನ ಮೇಲೂ ಅಷ್ಟೇ. ನಾನು ಹೇಳುವ ಮೊದಲೇ ಅದು ಮೆಟ್ಟಿಲಿಂದ ಕೆಳಗಿಳಿದಿತ್ತು.

ಫೆಬ್ರುವರಿ 12, ಬುಧವಾರ. ಕುರುಗೋಡು ಬಸ್ ಸ್ಟ್ಯಾಂಡ್, ಸಂಜೆ 5.20

ಓಣಿಗಳಿಗೆ ಹೋಗಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಕುಳಿತು ಮೂವತ್ತೊಂಬತ್ತನೆಯ ಫಾರಂ ನಾನೇ ತುಂಬಿದೆ. ಆಮೇಲೆ ನಲವತ್ತು. ಹಾಗೇ ನೂರರ ತನಕ.

ಎಲ್ಲರೂ ಮಾಡುತ್ತಾರೆ. ಕ್ಲಾಸ್‌ಮೇಟ್ ನಾಗಲಕ್ಷ್ಮಿ ಸೀರಿಯಲ್ ನೋಡುತ್ತಾ ಎಂಬತ್ತು ಫಾರಂ ಮುಗಿಸಿದ್ದಾಳೆ. ನಾಲ್ಕು ಬಣ್ಣದ ಪೆನ್ನು, ಅಕ್ಷರ ಬೇರೆ ಕಾಣಲಿ ಅಂತ ನಡುನಡುವೆ ಎಡಗೈ. ಅವಳದು ಬರೀ ಟಿಕ್ ಮಾರ್ಕು. ನನ್ನದು ಹಾಗಲ್ಲ. ನನಗೆ ಮನುಷ್ಯರು ಕಾಣಿಸುತ್ತಾರೆ.

ಫಾರಂ 53, ಅಯ್ಯಣ್ಣ, ರಿಟೈರ್ಡ್ ಮೇಷ್ಟ್ರು. ಕೂತುಕೋ ಅಂತ ಹೇಳಿ ಪೇಪರ್ ಮಡಚಿಟ್ಟರು. ಫಾರಂ 58, ಹೊಸದಾಗಿ ಮದುವೆಯಾದ ವಿಜಯಲಕ್ಷ್ಮಿ. ಅನ್ನ ಪ್ರತಿಸಲ ಮುದ್ದೆಯಾಗುತ್ತದೆ ಅಂತ ನನ್ನ ಎದುರಿಗೇ ಕಣ್ಣೀರು ಹಾಕಿದಳು, ಪಾಪ.

ಎಲ್ಲರಿಗಿಂತ ಫಾರಂ 47. ವಿರೂಪಮ್ಮ, ಐವತ್ತೆರಡು ವರ್ಷ. ಬಸವೇಶ್ವರ ಗುಡಿಯ ಹಿಂದಿನ ಓಣಿ, ನೀಲಿ ಬಾಗಿಲು. ಪಡಸಾಲೆಯಲ್ಲಿ ಉಯ್ಯಾಲೆ. ಅದರ ಮೇಲೇ ಕುಂದ್ರಿಸಿದಳು ನನ್ನನ್ನು. ಹೆಸರು ಕೇಳಿದಳು, ಸುಮಂಗಲಾ ಅಂದೆ. ಚಂದೈತಿ ಹೆಸರು ಅಂದಳು. ಅದರ ಮುಂದಕ್ಕೆ ಏನೂ ಕೇಳಲಿಲ್ಲ. ಶುಂಠಿ ಚಹಾ ಕುದಿಯುವ ವಾಸನೆ. ‘ಇತರೆ ಅಭಿಪ್ರಾಯ’ದಲ್ಲಿ ಅವಳು ಹೇಳಿದ್ದನ್ನು ಹಾಗೇ ಬರೆದುಕೊಂಡೆ: ‘ದಿನಾ ಉಣ್ಣಾಕ ರೇಷನ್ ಅಕ್ಕಿ ಸಾಕು. ಮನಿಗೆ ಮಂದಿ ಬಂದಾಗ ಚಲೋ ಅಕ್ಕಿ ಬೇಕು. ಒಂದು ಕಿಲೋದ್ದು ಸಣ್ಣ ಪ್ಯಾಕೆಟ್ ಮಾಡ್ರಿ. ಯಾರ ಬರ್ಲಿ, ಒಂದ ಪಂಕ್ತ್ಯಾಗ ಕುಂದ್ರಿಸಿ ಬಡಸ್ತೀನಿ.’

ಕಣ್ಣು ಒದ್ದೆಯಾಯಿತು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಕುಳಿತು, ಇಲ್ಲದ ಹೆಂಗಸಿನ ಮಾತಿಗೆ! ಎರಡು ಬಸ್ಸು ಬಿಟ್ಟೆ. ನನ್ನ ಅರವತ್ತೆರಡು ಮನೆಗಳಲ್ಲೂ ಒಳಗೆ ಕರೆದರು.

ಫೆಬ್ರುವರಿ 24, ಸೋಮವಾರ

ರಿಪೋರ್ಟ್ ಬೈಂಡ್ ಮಾಡಿಸಿ ಕೊಟ್ಟೆ. ಎಕ್ಸಲೆಂಟ್ ಅಂದರು ಕಾಲೇಜಿನ ಗೈಡ್. ಪೈ ಚಾರ್ಟ್ ಬಣ್ಣಬಣ್ಣವಾಗಿ ಬಂದಿದೆ.

ಇವತ್ತು ಬಸ್ಸು ಕುರುಗೋಡಿನಲ್ಲಿ ನಿಂತಾಗ ಗುಡಿಯ ಕಡೆ ತಿರುಗಿ ನೋಡಿದೆ. ವಿರೂಪಮ್ಮ ಈಗ ಬಟ್ಟೆ ಒಣಗಿಸುತ್ತಿರಬೇಕು ಅನ್ನಿಸಿತು. ತಲೆ ಕೆಟ್ಟಿದೆ ನನಗೆ.

ಮಾರ್ಚ್ 3, ಸೋಮವಾರ. ರಾತ್ರಿ

ಪ್ರಭುಲಿಂಗ ಸರ್ ಮಿಲ್ಲಿಗೆ ಕರೆಸಿದ್ದರು. ಮೇಜಿನ ಮೇಲೆ ನನ್ನ ರಿಪೋರ್ಟ್. ನಡುವೆ ಹಳದಿ ಚೀಟಿ ಅಂಟಿಸಿದ್ದರು.

‘ಎಂಟು ರಿಪೋರ್ಟ್ ಓದಿದೆ. ಎಲ್ಲಾ ಬರೇ ಪರ್ಸೆಂಟೇಜ್. ನಿಮ್ಮ ವಿರೂಪಮ್ಮ ಮಾತಾಡ್ತಾಳ್ರೀ!’

ಒಂದು ಕಿಲೋ ಪ್ಯಾಕೆಟ್ ಮಾಡಿಯೇ ಮಾಡುತ್ತಾರಂತೆ. ಅದರ ಮೇಲೆ ಆಕೆಯದೇ ಫೋಟೋ. ಶನಿವಾರ ಕಾರಿನಲ್ಲಿ ಹೋಗಿ ಭೇಟಿಯಾಗೋಣ, ನೀವೇ ದಾರಿ ತೋರಿಸಿರಿ ಅಂದರು. ಡ್ರಾಯರ್ ಎಳೆದು ಒಂದು ಕವರ್ ತೋರಿಸಿದರು. ನನ್ನ ಆಫರ್ ಲೆಟರ್. ಟೈಪಾಗಿದೆ, ಸಹಿ ಒಂದು ಬಾಕಿ.

ಹೂಂ ಸರ್ ಅಂದೆ. ಹೂಂ ಅಂದುಬಿಟ್ಟೆ!

ಮಾರ್ಚ್ 5, ಬುಧವಾರ

ನಾಗಲಕ್ಷ್ಮಿಗೆ ಹೇಳಿದೆ. ಕ್ಯಾಂಟೀನಿನಲ್ಲಿ ಮೇಜು ಬಡಿದು ನಕ್ಕಳು.

‘ಅಷ್ಟಕ್ಕ ಯಾಕ ಅಳ್ತಿ ಲೇ? ಕುರುಗೋಡಿನ್ಯಾಗ ನಮ್ಮ ದೊಡ್ಡಮ್ಮ ಅದಾಳ. ಒಂದು ಚಲೋ ಸೀರಿ ಉಡಿಸಿ ಕುಂದ್ರಿಸೋಣ. ನಾಕು ಮಾತು ಬಾಯಿಪಾಠ ಮಾಡಿಸಿದ್ರ ಆತು.’

‘ಸಿಕ್ಕಿಬಿದ್ರ?’

‘ಮಾರ್ಕೆಟಿಂಗ್ ಅಂದ್ರ ಏನಂತ ತಿಳ್ಕೊಂಡಿ ಮತ್ತ?’

ಮರ್ಯಾದೆಗೆಟ್ಟವಳು ನಾನು. ಇಡೀ ಮಧ್ಯಾಹ್ನ ಅದನ್ನೇ ಯೋಚಿಸಿದೆ. ಬರುವಾಗ ಕುರುಗೋಡಿನಲ್ಲಿ ಇಳಿದು ಗುಡಿಯ ಹಿಂದಿನ ಓಣಿಯಲ್ಲಿ ನೀಲಿ ಬಾಗಿಲು ಹುಡುಕಿದೆ. ಮೂರು ಸಿಕ್ಕವು. ಒಂದಕ್ಕೆ ಬೀಗ. ಇನ್ನೊಂದರ ಮುಂದೆ ಟ್ರ್ಯಾಕ್ಟರು. ಮೂರನೆಯದು ತೆರೆದೇ ಇತ್ತು, ಒಳಗೆ ಕತ್ತಲೆ ತಂಪಾಗಿತ್ತು. ಉಯ್ಯಾಲೆ ಇರಲಿಲ್ಲ. ಸ್ವಲ್ಪ ಹೊತ್ತು ನಿಂತೆ. ಈಗ ಯಾರಾದರೂ ‘ಬಾರವ್ವ’ ಅನ್ನಬಹುದು ಅಂತ. ಯಾರೂ ಬರಲಿಲ್ಲ, ನಾನೂ ಕರೆಯಲಿಲ್ಲ.

ಮಾರ್ಚ್ 6, ಗುರುವಾರ

ದೊಡ್ಡಮ್ಮ ಬೇಡ ಅಂತ ನಾಗಲಕ್ಷ್ಮಿಗೆ ಮೆಸೇಜ್ ಹಾಕಿದೆ. ‘ಹುಚ್ಚಿ’ ಅಂತ ಬಂತು ಉತ್ತರ. ವಿರೂಪಮ್ಮನ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಲು ಮನಸ್ಸು ಬರಲಿಲ್ಲ. ಇದಕ್ಕೆ ಪ್ರಾಮಾಣಿಕತೆ ಅನ್ನುತ್ತಾರೋ ಹೊಟ್ಟೆಕಿಚ್ಚು ಅನ್ನುತ್ತಾರೋ ಗೊತ್ತಿಲ್ಲ. ಶನಿವಾರಕ್ಕೆ ಜ್ವರ ಬರಲಿ ಅಂತ ಬೇಡಿಕೊಳ್ಳುತ್ತಿದ್ದೇನೆ. ನನಗೋ, ಸರ್‌ಗೋ, ಕಾರಿಗೋ.

ಮಾರ್ಚ್ 8, ಶನಿವಾರ. ಮಧ್ಯಾಹ್ನ, ಬಸ್ಸಿನಲ್ಲಿ

ಯಾರಿಗೂ ಜ್ವರ ಬರಲಿಲ್ಲ.

ಕಾರು ಕುರುಗೋಡಿನ ಹತ್ತಿರ ಬಂದಾಗ ಬಾಯಿ ತೆರೆದೆ. ‘ಸರ್, ವಿರೂಪಮ್ಮ ಇಲ್ಲ.’

‘ಊರಿಗೆ ಹೋಗ್ಯಾರೇನು?’

‘ಇಲ್ಲ ಸರ್. ಎಲ್ಲೂ ಇಲ್ಲ. ನಾನ ಬರದೆ. ಅರವತ್ತೆರಡು ಫಾರಂ ನಾನ ಬರದೀನಿ.’

ಕಾರು ನಿಲ್ಲಿಸಿದರು. ಯಾಕೆ ಅಂತ ಕೇಳಿದರು. ಹೇಳಿದೆ. ಮೆಟ್ಟಿಲು, ಬೇವಿನ ಗಿಡ, ಎಲ್ಲಾ. ನಡುವೆ ಅಳು ಬಂತು, ನುಂಗಿಕೊಂಡು ಹೇಳಿದೆ. ಅವರು ಸ್ಟೀರಿಂಗ್ ಮೇಲೆ ಕೈಯಿಟ್ಟು ರಸ್ತೆ ನೋಡಿದರು. ಸಮಾಧಾನವನ್ನೂ ಮಾಡಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ‘ನಮ್ಮ ಮನ್ಯಾಗೂ ಅವ್ವ ಕೇಳ್ತಾಳ, ಯಾರ ಪೈಕಿ ಅಂತ’ ಅಂದರು. ನನ್ನ ಕಡೆ ನೋಡಲಿಲ್ಲ.

ಆಮೇಲೆ ಮ್ಯಾನೇಜರ್ ಆದರು. ‘ಮೂವತ್ತೆಂಟು ಖರೇ ಅದಾವಲ್ಲ?’

‘ಅದಾವ ಸರ್.’

‘ಹದಿನೇಳಕ್ಕ ಮೀಟಿಂಗ್ ಐತಿ. ಸುಳ್ಳು ಫಾರಂ ಮ್ಯಾಲೆ ನಾನು ಪ್ಯಾಕೆಟ್ ಪ್ರಿಂಟ್ ಹಾಕಿಸಿದ್ರ ನನ್ನ ಕೆಲಸಾನೂ ಹೋಗ್ತಿತ್ತು, ಗೊತ್ತೈತೇನು? ಅರವತ್ತೆರಡು ಖರೇ ಫಾರಂ ತರ್ರಿ. ಅಲ್ಲೀತನಕ ಲೆಟರ್ ಡ್ರಾಯರ್‌ನ್ಯಾಗ ಇರ್ತೈತಿ. ತರಲಿಲ್ಲಂದ್ರ ಹರಿದು ಹಾಕ್ತೀನಿ.’

ಸರ್ಕಲ್ಲಿನಲ್ಲಿ ಇಳಿಸಿ ಹೋದರು. ಈಗ ಬಸ್ಸಿನಲ್ಲಿ ಧಾರಾಳವಾಗಿ ಅತ್ತೆ. ಕರ್ಚೀಫು ಇರಲಿಲ್ಲ. ಜೀರೋ ಟಿಕೆಟ್ಟು ಮೂಗು ಒರೆಸುವುದಕ್ಕೂ ಸಾಲದು.

ಅದೇ ದಿನ, ಸಂಜೆ

ಅವ್ವ ಹೊಲದಿಂದ ಬಂದು ಕೊಬ್ಬರಿ ಎಣ್ಣೆ ಸವರಿಕೊಂಡು ಕುಳಿತಿದ್ದಳು. ಮೆಣಸಿನಕಾಯಿ ಬಿಡಿಸಿದ ಕೈ ಉರಿಯುತ್ತದೆ. ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡರೆ ನಕ್ಕಳು.

‘ಯವ್ವಾ! ಎರಡು ಹಡಿಯಾದ್ರಾಗ ನನಗ ಸಾಕಾಗೇತಿ. ನೀನು ಕುಂತಲ್ಲೇ ಅರವತ್ತೆರಡು ಹಡದಿಯಲ್ಲ!’

ನನಗೂ ನಗು ಬಂತು. ಆ ಫಾರಂ ಎಲ್ಲಾ ಓದು ಅಂದಳು. ಓದಿದೆ. ಅಯ್ಯಣ್ಣ ಮೇಷ್ಟ್ರು ಅವಳಿಗೆ ಇಷ್ಟವಾದರು. ವಿರೂಪಮ್ಮನ ಮಾತಿಗೆ ‘ಚಲೋ ಹೆಣ್ಮಗಳು’ ಅಂದಳು. ಕೊನೆಯದೂ ಮುಗಿದ ಮೇಲೆ ಸುಮ್ಮನೆ ಕೇಳಿದಳು:

‘ನಮ್ಮ ಓಣ್ಯಾಗಿನವ್ರು ಯಾರ್ಯಾರು ಅದಾರ ಇದ್ರಾಗ?’

ಹುಡುಕಿದೆ. ಮೂವತ್ತೆಂಟರಲ್ಲಿ ಇಲ್ಲ. ಅರವತ್ತೆರಡರಲ್ಲೂ ಇಲ್ಲ. ಹುಟ್ಟಿಸುವುದು ನನ್ನ ಕೈಯಲ್ಲೇ ಇತ್ತು. ಉಯ್ಯಾಲೆ ಹುಟ್ಟಿಸಿದೆ, ಪಡಸಾಲೆ ಹುಟ್ಟಿಸಿದೆ. ನಮ್ಮ ಓಣಿಯ ಒಬ್ಬರನ್ನೂ ಹುಟ್ಟಿಸಲಿಲ್ಲ.

‘ಯಾಕ, ನಾವೇನು ಅನ್ನ ಉಣ್ಣಂಗಿಲ್ಲೇನು?’

ಸಿಟ್ಟಿನಿಂದಲ್ಲ. ಕೇಳಿ ಎದ್ದು ನೀರು ಕಾಯಿಸಲು ಹೋದಳು. ಬೇವಿನ ಗಿಡದ ದಿನ ನನಗೆ ಸಿಟ್ಟು ಬಂದಿತ್ತು. ಇವತ್ತು ನಾಚಿಕೆಯಾಯಿತು. ಕುರುಗೋಡಿನ ಆಯಮ್ಮ ಅಲ್ಲಿಂದಲೇ ಕೇಳು ಅಂತಾದರೂ ಅಂದಿದ್ದರು. ನಾನು ಅವ್ವನನ್ನು ಕೇಳಿಯೇ ಇಲ್ಲ.

ಮಾರ್ಚ್ 9, ಭಾನುವಾರ. ಬೆಳಿಗ್ಗೆ 7.10

ಕೂಲಿಗೆ ಕರೆದೊಯ್ಯುವ ಆಟೋ ಇವತ್ತು ಒಂಬತ್ತಕ್ಕೆ. ಅವ್ವಾ ಕುಂದ್ರು, ಫಾರಂ ತುಂಬಬೇಕು ಅಂದೆ. ಮೂವತ್ತೊಂಬತ್ತು.

‘ತಡಿ.’

ಮುಖ ತೊಳೆದಳು. ತಲೆ ಬಾಚಿದಳು. ಟ್ರಂಕಿನಿಂದ ಇಸ್ತ್ರಿ ಸೀರೆ ತೆಗೆದು ಉಟ್ಟಳು. ಪಕ್ಕದ ಮನೆಯ ತಿಪ್ಪೇಶಣ್ಣನಿಗೆ ಟಿವಿ ಸಣ್ಣದು ಮಾಡು ಅಂತ ಕೂಗಿ ಹೇಳಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ನೆಟ್ಟಗೆ ಕುಳಿತಳು. ಆಫೀಸಿನವರು ಬಂದಾರ ಅಂದಮ್ಯಾಲೆ ಹಿಂಗ ಕುಂದ್ರಾದೇನು, ಅಂತ ನನಗೇ ಬೈದಳು.

ಹೆಸರು? ‘ಸುಂಕಲಮ್ಮ, ಗಂಡ ಉಚ್ಚೆಂಗೆಪ್ಪ.’ ವಯಸ್ಸು? ‘ನಿನಗ ಗೊತ್ತೈತಲ್ಲ, ಬರಿ.’ ನೀನೇ ಹೇಳಬೇಕು ಅಂದೆ. ಬೆರಳು ಮಡಚಿ ಎಣಿಸಿ ಹೇಳಿದಳು. ನಾನು ಅಂದುಕೊಂಡಿದ್ದಕ್ಕಿಂತ ಮೂರು ವರ್ಷ ಕಡಿಮೆ!

ತಿಪ್ಪೇಶಣ್ಣ ಬಾಗಿಲಿಗೆ ಬಂದು ನಿಂತಿದ್ದಾನೆ. ‘ನಂದೂ ಬರ್ಕೊಳವ್ವ’ ಅಂದ. ಹಿಂದೆ ಇನ್ನಿಬ್ಬರು. ಸಾಲಾಗಿ ನಿಲ್ಲಿ ಅಂತ ಅವ್ವನೇ ಹೇಳಿದಳು.

ಮೂರನೇ ಪ್ರಶ್ನೆ. ‘ಯಾವ ಅಕ್ಕಿಯ ಅನ್ನ ನಿಮಗೆ ಇಷ್ಟ?’

ಮೂವತ್ತೆಂಟು ಮನೆಯಲ್ಲೂ ಪಟ್ಟನೆ ಉತ್ತರ ಬಂದಿದ್ದು ಇದಕ್ಕೇ. ಅವ್ವ ಸುಮ್ಮನಾಗಿಬಿಟ್ಟಳು. ಚಿಕ್ಕಂದಿನಿಂದ ಸಿರುಗುಪ್ಪ ಸೀಮೆಯ ಎಷ್ಟು ಗದ್ದೆಗಳಲ್ಲಿ ಸಸಿ ಹಚ್ಚಿದ್ದಾಳೋ, ಎಷ್ಟು ತರದ ಭತ್ತ ಅವಳ ಕೈಯಲ್ಲಿ ಹೋಗಿದೆಯೋ. ‘ನನಗ?’ ಅಂತ ಕೇಳಿದಳು. ಹೂಂ, ನಿನಗೆ. ‘ಮನಿಗಲ್ಲ, ನನಗ?’ ಹೂಂ ಅವ್ವ.

ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಗೋಡೆಯ ಕಡೆ ನೋಡುತ್ತಿದ್ದಾಳೆ. ಅವಳು ಯೋಚಿಸುವಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಫಾರಂನಲ್ಲಿ ನಾಲ್ಕು ಆಯ್ಕೆ ಇವೆ, ಓದಿ ಹೇಳಲು ನಾಲಿಗೆ ತುರಿಸುತ್ತಿದೆ. ಓದುವುದಿಲ್ಲ. ಆಟೋ ಹೋದರೆ ಹೋಗಲಿ. ಅವಳ ಉತ್ತರವನ್ನು ಈ ಸಲ ನಾನು ಹುಟ್ಟಿಸುವುದಿಲ್ಲ. ಎಷ್ಟು ಹೊತ್ತಾದರೂ —

ನಕ್ಕಳು. ಹೇಳ್ತೀನಿ, ಬರ್ಕೋ ಅಂದಳು. ಅವ್ವನಿಗೆ ಇಷ್ಟ... ಇರಲಿ, ಅದನ್ನು ಡೈರಿಯಲ್ಲಲ್ಲ, ಫಾರಂನಲ್ಲೇ ಬರೆದುಕೊಳ್ಳುತ್ತೇನೆ.