ಪಾಲಿಷ್ ಹಚ್ಚಿದ ಕುದುರೆ

ದೋಣಿಕಟ್ಟೆ ಪಕ್ಕದ ಮನೆ,
ಮಾರ್ಚ್ ೧೦, ಸೋಮವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಆ ಥಂಡಿ ಗೋದಾಮಿನಲ್ಲಿ ಕಿವಿ ಮುಚ್ಚುವ ಹಾಗೆ ಟೋಪಿ ಹಾಕಿಕೊಳ್ಳುತ್ತೀಯೋ ಇಲ್ಲವೋ ಎಂದು ಅಮ್ಮ ದಿನಾ ಕೇಳುತ್ತಾಳೆ. ಹಾಕಿಕೊಳ್ಳುತ್ತಾನೆ ಎಂದು ನಾನು ದಿನಾ ಸುಳ್ಳು ಹೇಳುತ್ತೇನೆ. ಇನ್ನು ಮುಂದೆಯಾದರೂ ಅದನ್ನು ನಿಜ ಮಾಡು. ನಾವು ಚೆನ್ನಾಗಿದ್ದೇವೆ. ಅಮ್ಮನ ಊಟ ಮೊದಲಿನ ಹಾಗಿಲ್ಲ, ಆದರೂ ಈಗ ತಟ್ಟೆಯಲ್ಲಿ ಏನೂ ಬಿಡುವುದಿಲ್ಲ. ನನಗೆ ಕೈಬೆರಳ ತುದಿಗಳು ಉರಿಯುತ್ತವೆ, ಅಷ್ಟೇ. ಅದೂ ನಾನೇ ತಂದುಕೊಂಡದ್ದು. ಯಾಕೆಂದು ಮುಂದೆ ಬರೆಯುತ್ತೇನೆ.

ನಿನ್ನ ಕಾಗದದಲ್ಲಿ ಒಂದೇ ಪ್ರಶ್ನೆ ಇತ್ತು: ಗುಜರಿಯವನು ಬಂದು ಕುದುರೆಯನ್ನು ಒಯ್ದನೇ, ಶೆಡ್ಡು ಖಾಲಿಯಾಯಿತೇ ಎಂದು. ಬಂದಿದ್ದ. ಒಯ್ದನೋ ಇಲ್ಲವೋ ಎಂದು ಹೇಳುವ ಮೊದಲು ನಡೆದದ್ದನ್ನೆಲ್ಲ ಬರೆಯುತ್ತೇನೆ. ಅಡ್ಡಗೋಡೆ ಮೇಲೆ ದೀಪ ಇಡುತ್ತಾಳೆ ಎಂದು ಬೈಯಬೇಡ. ಅಪ್ಪ ಆ ಜೆಟ್ ಸ್ಕೀಯನ್ನು ಒಂದು ದಿನವೂ ಆ ಹೆಸರಿನಿಂದ ಕರೆದವನಲ್ಲ. ನೀರಿನ ಮೇಲೆ ಓಡುತ್ತದೆ, ಒದೆಯುತ್ತದೆ, ಬಾಡಿಗೆ ದುಡಿಯುತ್ತದೆ, ಮತ್ತೇನು, ಕುದುರೆಯೇ ಎನ್ನುತ್ತಿದ್ದ. ಅದಕ್ಕೊಂದು ಹೊದಿಕೆ ಹಾಕಿ ಎಂದು ನಾವಿಬ್ಬರೂ ಎಷ್ಟು ಸಲ ಹೇಳಿದ್ದೆವು. "ಕುದುರೆಗೆ ಯಾರಾದ್ರೂ ಮುಸುಕು ಹಾಕ್ತಾರೇನೋ?" ಎಂದು ನಕ್ಕುಬಿಡುತ್ತಿದ್ದ. ಅಷ್ಟು ವರ್ಷದ ಬಿಸಿಲನ್ನೆಲ್ಲ ಅದು ಬರಿಮೈಯಲ್ಲೇ ಕುಡಿಯಿತು. ಕೊನೆಗೆ ಅದಕ್ಕೆ ಮುಸುಕು ಹಾಕಿದವನು ನೀನು, ಅಪ್ಪನ ಉತ್ತರಕ್ರಿಯೆಯ ಕೆಲಸಗಳೆಲ್ಲ ಮುಗಿದು ನೀನು ಹೊರಟ ದಿನ. ನೀನು ಬಿಗಿದ ಗಂಟು ನನ್ನ ಕೈಗೆ ಬಿಚ್ಚಲಾಗಲಿಲ್ಲ. ಕತ್ತರಿಯಿಂದ ಕತ್ತರಿಸಿದೆ.

ಗುಜರಿಯವನು ಟಾರ್ಪಾಲು ಸರಿಸಿ ನೋಡಿ, ಮುಖ ಕಿವುಚಿದ. ಕೆಂಪು ಮುಂಭಾಗ ಮಾಸಿ ಹಳೇ ಸೋಪಿನ ಬಣ್ಣಕ್ಕೆ ತಿರುಗಿತ್ತು. ಕೆಳಗಿನ ಕಪ್ಪು ಪ್ಲಾಸ್ಟಿಕ್ಕೆಲ್ಲ ಬೂದಿ ಬಳಿದಂತೆ ಬಿಳಿಚಿತ್ತು. ಅವನು ಬೆರಳಿನಿಂದ ಒಂದು ಗೀಟು ಎಳೆದು, ಆ ಪುಡಿಯನ್ನು ನನಗೆ ತೋರಿಸಿದ. "ನೋಡಿ ಅಕ್ಕಾ, ಗಾಡಿಗೆ ನಾವು ಕೈ ಹಾಕೋ ಮೊದ್ಲು ಅದೇ ಕೈಗೆ ಬರ್ತಿದೆ. ಇಂಜಿನ್ನು ಬಿಚ್ಕೊಂಡು ಹೋಗ್ತೀನಿ, ಈ ಮೈನ ನೀವೇ ಇಟ್ಕೊಳ್ಳಿ" ಎಂದ. ಇಂಜಿನ್ ನೋಡಲೆಂದು ಅವನು ಸೀಟು ಎತ್ತಿದ. ಸೀಟಿನ ಅಡಿಯಲ್ಲಿ ಬಿಸಿಲೇ ಕಾಣದ ಒಂದು ಪಟ್ಟಿ ಇತ್ತು ತಮ್ಮಾ, ಅಂಗಡಿಯಿಂದ ತಂದ ದಿನದ ಕೆಂಪು. ಆ ದಿನ ಅಪ್ಪ ನಮ್ಮಿಬ್ಬರನ್ನು ಹಿಂದೆ ಮುಂದೆ ಕೂರಿಸಿಕೊಂಡು ಸರೋವರ ಸುತ್ತಿಸಿದ್ದನಲ್ಲ, ಅದೇ ಕೆಂಪು. ನಾನು ಗುಜರಿಯವನಿಗೆ ಟೀ ಕೊಟ್ಟು, ಮುಂದಿನ ವಾರ ಬಾ ಎಂದು ಕಳಿಸಿದೆ. ಕೊಡಬಾರದು ಎಂದೇನೂ ಆಗ ತೀರ್ಮಾನಿಸಿರಲಿಲ್ಲ. ಹೋಗುವವರನ್ನು ಮುಖ ತೊಳೆಸಿ ಕಳಿಸಬೇಕು ಅನಿಸಿತು, ಅಷ್ಟೇ.

ಮಾರನೇ ದಿನ ಸೋಪುನೀರು ಹಾಕಿ ತೊಳೆದೆ. ಕಟ್ಟೆಯ ಮೆಕ್ಯಾನಿಕ್ ಮಾವ ಹಲ್ಲುಕಡ್ಡಿ ಕಚ್ಚಿಕೊಂಡು ಬಂದು ನಿಂತ. ಸೋಪಿಗೆ ಹೋಗುವ ಕಾಯಿಲೆಯಲ್ಲ ಇದು ಎಂದು ನೀರಲ್ಲಿ ನೆನೆಸಿ ಉಜ್ಜುವ ನಯವಾದ ಮರಳುಕಾಗದ ತಂದುಕೊಟ್ಟ. ಕೆಂಪು ಭಾಗವನ್ನು ಅದರಿಂದ ಉಜ್ಜಿದೆ. ಗುಲಾಬಿ ಬಣ್ಣದ ನೀರು ಕಾಲ ಕೆಳಗೆಲ್ಲ ಹರಿಯಿತು. ಒಣಗಿದ ಮೇಲೆ ನೋಡಿದರೆ ಮೊದಲಿಗಿಂತ ಹಾಳು! ಅಳುವುದೊಂದು ಬಾಕಿ. ಮಾವ ನಕ್ಕು, ಇನ್ನೂ ನಯವಾದ ಕಾಗದ ಕೊಟ್ಟ, ಅದಾದ ಮೇಲೆ ತಿಕ್ಕಿ ಹೊಳಪು ಬರಿಸುವ, ಡಬ್ಬಿಯಲ್ಲಿರುವ ಬಿಳಿ ಕಾಂಪೌಂಡು ಕೊಟ್ಟ. ಬಟ್ಟೆಗೆ ಅದನ್ನು ಹಚ್ಚಿ ತಿಕ್ಕುತ್ತಾ ಹೋದಂತೆ ಮಂಜು ಸರಿದ ಹಾಗೆ ಒಳಗಿನಿಂದ ಬಣ್ಣ ಮೇಲೆ ಬಂತು. ಮೊದಲು ನನ್ನ ಕೈಯ ನೆರಳು ಅದರಲ್ಲಿ ಕಂಡಿತು, ಆಮೇಲೆ ಮುಖ. ಅಪ್ಪನ ಮೂಗು ನನಗೆ ಬಂದಿದೆ ಎಂದು ಎಲ್ಲರೂ ಹೇಳುತ್ತಿದ್ದದ್ದು ಸುಳ್ಳಲ್ಲ. ಬೆರಳು ಸವೆದದ್ದು ಆಗಲೇ.

ಕಪ್ಪು ಭಾಗದಲ್ಲಿ ಮಾತ್ರ ನಾನು ಎಡವಿದೆ. ಅದಕ್ಕೆ ಬಿಸಿಗಾಳಿ ತೋರಿಸಿದರೆ ಬಣ್ಣ ತಾನೇ ಮೇಲೆ ಬರುತ್ತದೆ ಎಂದು ಮಾವ ಹೀಟ್ ಗನ್ ಕೊಟ್ಟಿದ್ದ. ಮೊದಲು ಯಾರಿಗೂ ಕಾಣದ ಮೂಲೆಯಲ್ಲಿ ತೋರಿಸಿ ನೋಡು ಎಂದೂ ಹೇಳಿದ್ದ. ಕೆಂಪು ಗೆದ್ದ ಜಂಬ ನನಗೆ. ಸೀದಾ ಕಾಲಿಡುವ ಹಲಗೆಗೇ ಹಿಡಿದೆ. ಪ್ಲಾಸ್ಟಿಕ್ ಕಪ್ಪಾಗುವ ಬದಲು ಬೆವರತೊಡಗಿತು. ಸಂದುಸಂದಿನಿಂದ ಕರಿ ಮೇಣ ಕರಗಿ ಇಳಿಯಿತು, ಸಣ್ಣಗೆ ಹೊಗೆ ಎದ್ದಿತು. ಮಾವ ಓಡಿಬಂದು ಸ್ವಿಚ್ ಆರಿಸಿ, ಬೆರಳಿಗೆ ಹಚ್ಚಿಕೊಂಡು ಮೂಸಿದ. "ಇದು ಶೂ ಪಾಲಿಷ್ ಕಣಮ್ಮಾ! ನಿಮ್ಮಪ್ಪ ಕುದುರೆ ಕಾಲಿಗೆ ಬೂಟ್ಸ್ ಅಂದ್ಕೊಂಡಿದ್ನಾ?"

ಆಗ ನನಗೆ ಹೊಳೆಯಿತು. ಭಾನುವಾರ ಬೆಳಿಗ್ಗೆ ಅಪ್ಪ ನಮ್ಮ ಶಾಲೆಯ ಶೂಗಳನ್ನು ಸಾಲಾಗಿ ಇಟ್ಟು ಪಾಲಿಷ್ ಮಾಡುತ್ತಿದ್ದನಲ್ಲ, ಆಮೇಲೆ ಅದೇ ಡಬ್ಬಿ, ಅದೇ ಬ್ರಷ್ ಹಿಡಿದು, ಕುದುರೆಯ ಬಿಳಿಚಿದ ಭಾಗ ಕಪ್ಪಾಗಲಿ ಎಂದು ಶೆಡ್ಡಿಗೆ ಹೋಗುತ್ತಿದ್ದ. ಬಿಳಿ ಪ್ಯಾಂಟು ಹಾಕಿ ಬಂದ ಗಿರಾಕಿಗಳೆಲ್ಲ ಮೀನಖಂಡಕ್ಕೆ ಕರಿ ಪಟ್ಟೆ ಬಳಿದುಕೊಂಡು ಹೋಗಿ, ಮಾರನೇ ದಿನ ಜಗಳಕ್ಕೆ ಬರುತ್ತಿದ್ದರು. ಅಪ್ಪ ಅವರನ್ನು ಕೂರಿಸಿ, ಕುದುರೆ ಇಷ್ಟಪಟ್ಟವರಿಗೆ ಮಾತ್ರ ಗುರುತು ಹಾಕುತ್ತದೆ ಎಂದು ಹೇಳಿ ಇನ್ನೊಂದು ಸುತ್ತು ಪುಕ್ಕಟೆ ಕಳಿಸುತ್ತಿದ್ದ. ಆ ಸುತ್ತಿನಲ್ಲಿ ಇನ್ನೊಂದು ಕಾಲಿಗೂ ಬಳಿಯುತ್ತಿತ್ತು.

ಅದೆಲ್ಲ ನೆನೆದು ನಗುತ್ತಾ, ಮೂಗು ಒರೆಸಿಕೊಳ್ಳುತ್ತಾ ಕೂತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಅಮ್ಮ. ಅಪ್ಪ ಹೋದ ಮೇಲೆ ಅವಳು ಅಂಗಳ ದಾಟಿ ಶೆಡ್ಡಿನ ಕಡೆ ಒಮ್ಮೆಯೂ ತಿರುಗಿರಲಿಲ್ಲ. ಕೈಯಲ್ಲಿ ಒಗ್ಗರಣೆ ಸೌಟು ಹಾಗೇ ಇತ್ತು. ವಾಸನೆ ಹಿಡಿದುಕೊಂಡೇ ಬಂದಿದ್ದಳು. "ಯಾರೇ ಪಾಲಿಷ್ ಹಾಕ್ತಿರೋದು?" ಎಂದಳು. ಅವಳು ಒಳಗೆ ಬಂದು, ಕರಗಿದ ಮೇಣವನ್ನು ನೋಡಿದಳು, ಕೆಂಪಿನ ಮೇಲೆ ಕೈಯಾಡಿಸಿದಳು. ಆಮೇಲೆ ಸೌಟನ್ನು ನನ್ನ ಕೈಗೆ ಕೊಟ್ಟು, ಬಟ್ಟೆಯನ್ನು ತಾನು ಇಸಿದುಕೊಂಡಳು. "ಹೋಗು, ಒಲೆ ಆರ್ಸು. ಇದು ನಿನ್ ಕೈಲಿ ಆಗಲ್ಲ."

ಹಾಗೆ ಶುರುವಾದದ್ದು. ಸೀಮೆಎಣ್ಣೆ ಬಟ್ಟೆಯಲ್ಲಿ ಪಾಲಿಷನ್ನು ಪದರ ಪದರವಾಗಿ ತೆಗೆದವಳು ಅಮ್ಮ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗಳನ್ನು ಬಿಡಿಸಿದವಳೂ ಅವಳೇ. ತೆಗೆಯುತ್ತಾ ಅಪ್ಪನನ್ನು ಬೈದಳು, ಎದುರಿಗೆ ಕೂತಿದ್ದಾನೇನೋ ಅನ್ನುವ ಹಾಗೆ. ಕೇಳಲು ಎಷ್ಟು ಹಿತವಾಗಿತ್ತು ಗೊತ್ತೇ. ಎಣ್ಣೆ ಹೋಗಲಿ ಎಂದು ಮತ್ತೆ ಸೋಪಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಬಿಸಿಗಾಳಿ ತೋರಿಸಿದೆವು. ಒಂದೇ ಕಡೆ ನಿಲ್ಲಿಸದೆ, ಇಸ್ತ್ರಿ ಮಾಡುವವರ ಹಾಗೆ ಕೈ ಆಡಿಸುತ್ತಲೇ ಇರಬೇಕು. ಬೂದಿಬಣ್ಣ ಹಿಂದೆ ಸರಿದು ಕಪ್ಪು ಮುಂದೆ ಬರುವುದನ್ನು ನೀನು ನೋಡಬೇಕಿತ್ತು. ಒಣನೆಲದ ಮೇಲೆ ಮೊದಲ ನೀರು ಹರಿದ ಹಾಗೆ. ಈಗ ಬಿಳಿ ಪ್ಯಾಂಟಿನವರು ಧೈರ್ಯವಾಗಿ ಕೂರಬಹುದು. ಮಾವ ಇಂಜಿನ್ನಿಗೆ ಹೊಸ ಪ್ಲಗ್ ಹಾಕಿದ್ದಾನೆ. ಕೆಮ್ಮುತ್ತದೆ, ಆದರೆ ನಿನ್ನಷ್ಟಲ್ಲ.

ಕಾಗದ ಉದ್ದವಾಯಿತು. ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ಟೋಪಿಯ ವಿಷಯ ಮತ್ತೊಮ್ಮೆ ಬರೆ ಎಂದಳು. ಮಾವನೂ ನಿನ್ನನ್ನು ವಿಚಾರಿಸಿದ್ದಾನೆ. ನಿನ್ನ ಎದೆ ಬೆಚ್ಚಗಿರಲಿ, ಕೈಗೆ ಕೆಲಸ ತಪ್ಪದಿರಲಿ.

ನಿನ್ನ ಅಕ್ಕ

ತಾ. ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಗುಜರಿಯವನಿಗೆ ಬರಬೇಡ ಎಂದು ಹೇಳಿಬಿಟ್ಟೆ. ಕುದುರೆ ಎಲ್ಲಿಗೂ ಹೋಗುವುದಿಲ್ಲ. ಬಾಡಿಗೆ ಪರವಾನಗಿ ನನ್ನ ಹೆಸರಿಗೆ ಆಗಿದೆ, ನಿನ್ನೆ ನಾನೇ ನೀರಿಗಿಳಿಸಿದೆ. ಅಮ್ಮ ಹಿಂದೆ ಕೂತು ದಡದಿಂದ ದಡಕ್ಕೆ ನನ್ನನ್ನು ಬೈದಳು. ಎಡಗಾಲು ಇಡುವಲ್ಲಿ ಅಂಗೈಯಗಲ ಜಾಗವನ್ನು ಮಾತ್ರ ನಾವು ಮುಟ್ಟಿಲ್ಲ. "ಅದು ನಿನ್ ತಮ್ಮಂಗಿರ್ಲಿ" ಎಂದಳು ಅಮ್ಮ. ಅಲ್ಲಿ ಅಪ್ಪ ಹಚ್ಚಿದ ಪಾಲಿಷ್ ಹಾಗೇ ಇದೆ. ಬೆರಳಲ್ಲಿ ಉಜ್ಜಿದರೆ ಭಾನುವಾರದ ವಾಸನೆ ಬರುತ್ತದೆ. ಬಿಸಿಲು ಬಲಿತರೆ ಅದು ಉಳಿಯುವುದಿಲ್ಲ. ಅಷ್ಟರೊಳಗೆ ಬಾ.