ಗುಳಿಗೆ ಕೇಳುವ ದನಿ

ಚಳ್ಳಕೆರೆ, ಸೋಮವಾರ

ಮಾನ್ಯ ಹನುಮಂತರಾಜು ಅವರಿಗೆ, ನಿಮ್ಮ ವೃದ್ಧರ ಆರೈಕೆ ಮನೆಯ ನರ್ಸ್ ಶಶಿರೇಖಾಳ ನಮಸ್ಕಾರ.

ದೇವಸಮುದ್ರದ ಪಾಲಯ್ಯಜ್ಜ ಫಿಟ್ಸ್ ಬಂದು ತೀರಿಕೊಂಡದ್ದು ನಿಮಗೆ ಗೊತ್ತು. ಗುಳಿಗೆ ಕೊಟ್ಟಾಗಿದೆ ಎಂದು ಪುಸ್ತಕದಲ್ಲಿ ಗುರುತಿತ್ತು. ಗುಳಿಗೆ ಮಾತ್ರ ಡಬ್ಬಿಯಲ್ಲೇ ಇತ್ತು.

ಅವರ ಮಂಚವನ್ನು ಹೆಂಗಸರ ಕೋಣೆಗೆ ತಂದು, ಹೊಸದಾಗಿ ಬಂದ ಹೊನ್ನಕ್ಕನವರನ್ನು ಮಲಗಿಸಿದೆವು. ಲಕ್ವ ಹೊಡೆದ ಮೇಲೆ ಅವರಿಗೆ ಮಾತಿಲ್ಲ. ಅಜ್ಜನನ್ನು ಅವರು ಕಂಡವರೂ ಅಲ್ಲ. ನಿನ್ನೆ ಮಧ್ಯಾಹ್ನ ತಟ್ಟೆ ಎತ್ತುವಾಗ ಅವರು ನನ್ನ ಕೈ ಹಿಡಿದು, ಗಂಡಸಿನ ಗೊಗ್ಗರು ದನಿಯಲ್ಲಿ, "ಶಶವ್ವಾ, ರೇಣುಕಮ್ಮಂಗೆ ಗುಳಿಗೆ ಕೊಟ್ಟಿಲ್ಲ ನೋಡವ್ವಾ" ಎಂದರು. ನನ್ನನ್ನು ಶಶವ್ವಾ ಎನ್ನುತ್ತಿದ್ದವರು ಪಾಲಯ್ಯಜ್ಜ ಒಬ್ಬರೇ.

ಪುಸ್ತಕದಲ್ಲಿ ರೇಣುಕಮ್ಮನವರ ಹೆಸರಿಗೂ ಗುರುತಿತ್ತು. ಓಡಿಹೋಗಿ ನೋಡಿದರೆ ಅವರು ಬೆವತು ತಣ್ಣಗಾಗಿದ್ದರು. ಅವರ ಹೃದಯದ ಗುಳಿಗೆಯನ್ನು ಯಾರೂ ಕೊಟ್ಟಿರಲಿಲ್ಲ. ಡಾಕ್ಟರು ಬೇಗ ಬಂದಿದ್ದರಿಂದ ಉಳಿದರು.

ಶಾಂತಿ ಮಾಡಿಸೋಣ ಎಂದು ರಾತ್ರಿ ಫೋನಿನಲ್ಲಿ ಹೇಳಿದಿರಿ. ಅದು ಬೇಡ ಸಾರ್. ಪ್ರತಿಯೊಬ್ಬರಿಗೂ ಬೇರೆ ಹಾಳೆ ಕೊಡಿಸಿ. ನುಂಗಿಸಿದ ಮೇಲೆ, ನುಂಗಿಸಿದವರೇ ಸಹಿ ಹಾಕಲಿ. ಬೆಳಿಗ್ಗೆಯೇ ಇಡೀ ದಿನದ ಗುರುತು ಹಾಕಿಡುವ ರೂಢಿ ನಿಲ್ಲಲಿ.

ಇನ್ನೊಂದು ಮಾತು. ಇವತ್ತು ಬೆಳಿಗ್ಗೆ ನಾನೇ ಮಂಚದ ಬಳಿ ನಿಂತು, "ಎಲ್ಲರಿಗೂ ಕೊಟ್ಟಾಯ್ತು ಅಜ್ಜಾ" ಎಂದೆ. ಹೊನ್ನಕ್ಕನವರ ತುಟಿ ಅಲುಗಿತು.

"ಹನುಮಂತರಾಜು ತಗಂಡಿಲ್ಲವ್ವಾ."

ನೀವು ಗುಳಿಗೆ ತೆಗೆದುಕೊಳ್ಳುತ್ತೀರೆಂಬುದೇ ನನಗೆ ತಿಳಿದಿರಲಿಲ್ಲ. ಆಗಿನಿಂದ ಫೋನ್ ಮಾಡುತ್ತಿದ್ದೇನೆ, ಯಾರೂ ಎತ್ತುತ್ತಿಲ್ಲ. ಡ್ರೈವರ್ ಬೋರಣ್ಣನ ಕೈಯಲ್ಲಿ ಇದನ್ನು ಮೊಳಕಾಲ್ಮೂರಿನ ನಿಮ್ಮ ಮನೆಗೆ ಕಳಿಸುತ್ತಿದ್ದೇನೆ. ದಯವಿಟ್ಟು ಬಾಗಿಲು ತೆಗೆಯಿರಿ.

ಇಂತಿ,
ಶಶಿರೇಖಾ